ಸಣ್ಣ ಕೆರೆಯ ನಿಂತ ನೀರಿನಲ್ಲಿ ಹುಟ್ಟು ಹಾಕುವುದು: ಆಪಿನ, ಅಂದರೆ ಜೊಂಡಿನ, ಎಷ್ಟು ಹತ್ತಿರ ಹೋಗಬಹುದು, ಅವ್ವನನ್ನು ಕೂರಿಸಿಕೊಳ್ಳಬಹುದೇ?

ಎರೆನೆಲ, ಬಸವನ ಬಾಗೇವಾಡಿ ತಾಲ್ಲೂಕು

ಎಲ್ಲರಿಗೂ ಶರಣು. ಮೂರು ಚಳಿಗಾಲಗಳಿಂದ ನಾನು ನಮ್ಮೂರ ಕೆರೆಯಲ್ಲಿ, ಗಾಳಿ ತುಂಬಿಸುವ ಒಂದು ಸಣ್ಣ ಕಯಾಕ್ ದೋಣಿಯಲ್ಲಿ ಕುಳಿತು, ಬೆಳಗಿನ ಹೊತ್ತು ಹುಟ್ಟು ಹಾಕುತ್ತಿದ್ದೇನೆ. ನಮ್ಮ ಭಾಗದಲ್ಲಿ ಈ ವಿಷಯ ಮಾತನಾಡಲು ಜತೆಗಾರರು ಸಿಗುವುದು ಅಪರೂಪವಾದ್ದರಿಂದ ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ, ಬಲ್ಲವರು ದಯವಿಟ್ಟು ಉತ್ತರಿಸಬೇಕು.

ಕೆರೆ ದೊಡ್ಡದಲ್ಲ. ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರೆ ಎಂಟು ನಿಮಿಷ ಸಾಕು. ನಾನು ಹುಡುಗನಾಗಿದ್ದಾಗ ಶಿವರಾತ್ರಿಯ ಹೊತ್ತಿಗೆ ಅದು ಪೂರ್ತಿ ಬತ್ತಿ, ಎರೆಮಣ್ಣು ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತಿತ್ತು. ನಾವು ಅದರ ಅಂಗಳದಲ್ಲೇ ಚಿನ್ನಿದಾಂಡು ಆಡುತ್ತಿದ್ದೆವು. ಆಲಮಟ್ಟಿಯ ಹಿನ್ನೀರನ್ನು ಎತ್ತಿ ಮುಳವಾಡ ಏತ ನೀರಾವರಿ ಯೋಜನೆಯ ಕಾಲುವೆಗಳ ಮೂಲಕ ನಮ್ಮ ಜಿಲ್ಲೆಯ ಕೆರೆಗಳನ್ನು ತುಂಬಿಸತೊಡಗಿದ ಮೇಲೆ ಕೆರೆಯ ಸ್ವರೂಪವೇ ಬದಲಾಗಿದೆ. ಬಿಳಿಜೋಳ ಹಾಲು ತುಂಬುವ ದಿನಗಳಲ್ಲಿಯೂ ಈಗ ಅಲ್ಲಿ ಎರಡಾಳು ನೀರು ಇರುತ್ತದೆ. ಹಳ್ಳ ಬಂದು ಸೇರುವ ತೆಂಕಣ ಮೂಲೆಯಲ್ಲಿ ಆಪು ಆಳೆತ್ತರ ಬೆಳೆದು ನಿಂತಿದೆ.

ಈ ಕೆರೆಯನ್ನೇ ನಾನು ಆರಿಸಿಕೊಳ್ಳಲು ಅದರ ಮರೆ ಕಾರಣ. ಪಡುವಣಕ್ಕೆ ಒಡ್ಡು, ಅದರ ಬುಡಕ್ಕೆ ಜಾಲಿಯ ಸಾಲು. ಮೂಡಣಕ್ಕೆ ಕಲ್ಲಿನ ದಿನ್ನೆ. ಚಳಿಗಾಲದ ಮೂಡುಗಾಳಿ ದಿನ್ನೆಗೆ ತಾಗಿ ಮೇಲೇರಿ ಹೋಗುತ್ತದೆ, ನೀರಿನ ಮೇಲೆ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಹೊತ್ತು. ರಾತ್ರಿಯೆಲ್ಲ ನೆಲ ತಣ್ಣಗಾಗುತ್ತ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ತಗ್ಗಿನಲ್ಲಿ ನಿಂತುಬಿಡುತ್ತದೆ, ಮೇಲೆ ಬೀಸುವ ಗಾಳಿ ಅದನ್ನು ಮುಟ್ಟದೆ ಹಾದುಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕೆಳಗಿನ ಗಾಳಿ ಮೇಲೇಳುತ್ತದೆ, ಮೇಲಿನದು ಕೆಳಗಿಳಿಯುತ್ತದೆ, ಆಗ ನೀರಿನ ಮೈ ಕದಡತೊಡಗುತ್ತದೆ. ನಮ್ಮಲ್ಲಿ ಡಿಸೆಂಬರ್ ಜನವರಿಯಲ್ಲಿ ಇದು ಸುಮಾರು ಒಂಬತ್ತೂವರೆಗೆ ಆಗುತ್ತದೆ. ನಾನು ಆರೂವರೆಗೆ ನೀರಿಗಿಳಿದು ಒಂಬತ್ತಕ್ಕೆ ದಂಡೆಗೆ ಬರುತ್ತೇನೆ.

ಮೊದಲ ಚಳಿಗಾಲದಲ್ಲಿ ನಾನು ಬರೀ ತೋಳಿನಿಂದ ಹುಟ್ಟು ಎಳೆಯುತ್ತಿದ್ದೆ, ಅರ್ಧ ಗಂಟೆಗೆ ಭುಜ ಸೋಲುತ್ತಿತ್ತು. ಹುಟ್ಟಿನ ಅಲಗು ಪಾದದ ಪಕ್ಕದಲ್ಲಿ ನೀರಿಗಿಳಿಯಬೇಕು, ಸೊಂಟದ ಪಕ್ಕ ಬಂದೊಡನೆ ಮೇಲೇಳಬೇಕು, ನಡುವೆ ತಿರುಗುವುದು ಮೈಯೇ ಹೊರತು ತೋಳಲ್ಲ ಎಂಬುದು ಎರಡನೆಯ ವರ್ಷ ಅರ್ಥವಾಯಿತು. ಸೊಂಟವನ್ನು ದಾಟಿ ಹಿಂದಕ್ಕೆ ಎಳೆದಷ್ಟೂ ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ತಿರುಗುತ್ತದೆ, ನೀರು ಸದ್ದು ಮಾಡುತ್ತದೆ. ಸದ್ದಿಲ್ಲದೆ ಹುಟ್ಟು ಹಾಕಲು ಕಲಿತ ಮೇಲೆಯೇ ಕೆರೆ ನನಗೆ ಕಾಣತೊಡಗಿತು ಎಂದರೆ ಅತಿಶಯೋಕ್ತಿಯಲ್ಲ. ಅಲ್ಲಿಯವರೆಗೆ ನಾನು ಬರುವ ಮೊದಲೇ ಎಲ್ಲವೂ ಹಾರಿ, ಮುಳುಗಿ, ಸರಿದು ಹೋಗಿರುತ್ತಿತ್ತು.

ಚಳಿ ಹೆಚ್ಚಿದ ಬೆಳಗುಗಳಲ್ಲಿ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಕೆರೆಯ ಮೈಯಿಂದ ಹಬೆ ಏಳುತ್ತದೆ. ಕುಳಿತವನ ಎದೆಮಟ್ಟದವರೆಗೆ ಮಾತ್ರ ಇರುವ ಆ ಹಬೆಯಲ್ಲಿ ನಾಮದ ಕೋಳಿ ಎಂಬ ನೀರುಹಕ್ಕಿಗಳ ಬಿಳಿಯ ಹಣೆ ಮೊದಲು ಕಾಣುತ್ತದೆ, ಕರಿಯ ಮೈ ಆಮೇಲೆ. ದೇವನಕ್ಕಿ ತೇಲುವ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿ ನಡೆಯುವಾಗ ಎಲೆ ಒಂದಿಷ್ಟೇ ಬಾಗಿ, ಅಂಚಿನಲ್ಲಿ ನೀರು ತುಸು ಏರಿ, ಅದು ಮುಂದಿನ ಎಲೆಗೆ ದಾಟಿದೊಡನೆ ಹಿಂದಿನದು ಮೊದಲಿನಂತಾಗುವುದನ್ನು ನೋಡುತ್ತ ನಾನು ಇಡೀ ಒಂದು ಮುಂಜಾನೆ ಕಳೆದಿದ್ದೇನೆ. ದಂಡೆಯ ಮೇಲೆ ನಿಂತು ನೋಡುವವರಿಗೆ ಇದು ಕಾಣುವುದಿಲ್ಲ, ಕಣ್ಣು ನೀರಿನ ಮಟ್ಟಕ್ಕೆ ಇಳಿಯಬೇಕು.

ಈಗ ಪ್ರಶ್ನೆಗಳು. ಒಂದು, ಆಪಿನ ನಡುವೆ ದೋಣಿ ಹೋಗುವಷ್ಟು ಅಗಲದ ಎರಡು ಸಂದುಗಳಿವೆ. ಒಳಗೆ ಹೋಗಬೇಕೆಂಬ ಆಸೆ ಬಹಳವಿದೆ, ಹೋಗಬಹುದೇ? ಎರಡು, ನನ್ನ ಕಯಾಕ್ ಇಬ್ಬರು ಕೂರುವಂಥದು. ನಮ್ಮ ಅವ್ವನಿಗೆ ಅರವತ್ತಾರು ವರ್ಷ, ಈಜು ಬರುವುದಿಲ್ಲ, ಆದರೆ ಕೆರೆಯ ನಡುವೆ ಒಮ್ಮೆ ಹೋಗಿ ಬರಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಾರೆ. ಕೂರಿಸಿಕೊಳ್ಳಬಹುದೇ?


ಮುಳುಗಡೆಯ ಮನೆ, ನವನಗರ, ಬಾಗಲಕೋಟೆ

ಬರಹ ಓದಿ ಸಂತೋಷವಾಯಿತು. ಆದರೆ ಸಣ್ಣ ಕೆರೆಯಲ್ಲೇ ಏಕೆ ನಿಲ್ಲಬೇಕು ಎಂಬುದು ನನ್ನ ಪ್ರಶ್ನೆ. ನಮ್ಮ ಊರಿನ ಅಂಚಿಗೇ ಘಟಪ್ರಭೆಯ ಹಿನ್ನೀರು ಕಣ್ಣು ಹರಿಯುವಷ್ಟು ದೂರ ಹರಡಿಕೊಂಡಿದೆ. ಚಳಿಗಾಲದಲ್ಲಿ ನೀರು ಇಳಿದು ಕೆಸರಿನ ಬಯಲು ತೆರೆದುಕೊಂಡಾಗ ರಾಜಹಂಸಗಳು ಹಿಂಡುಗಟ್ಟಿ ಬರುತ್ತವೆ, ದೂರದಿಂದ ನೋಡಿದರೆ ನೀರಿನ ಅಂಚಿಗೆ ತಿಳಿಗುಲಾಬಿ ಗೆರೆ ಎಳೆದಂತೆ ಇರುತ್ತದೆ.

ನನ್ನ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ಹಳೆಯ ಬಾಗಲಕೋಟೆಯಲ್ಲಿ ನಮ್ಮ ಅಜ್ಜನ ಮನೆ ಇದ್ದ ಓಣಿ ಈಗ ನೀರಿನಡಿಯಲ್ಲಿದೆ. ಒಮ್ಮೆಯಾದರೂ ಆ ನೀರಿನ ಮೇಲೆ ದೋಣಿಯಲ್ಲಿ ಕುಳಿತು, ಓಣಿ ಇದ್ದ ಜಾಗದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇರಬೇಕು ಎಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ. ಎರೆನೆಲ ಅವರೇ, ನೀವು ಜತೆಗೆ ಬರುವುದಾದರೆ ಹೋಗೋಣ.


ಕಣ್ಣಿಬಲೆ, ಆಲಮಟ್ಟಿಯ ಹತ್ತಿರದ ಹಳ್ಳಿ

ನಾನು ಅಂಬಿಗರ ಮನೆಯ ಮಗಳು. ಅಪ್ಪ, ಕಾಕಾ ಇಬ್ಬರೂ ಹರಿಗೋಲಿನಲ್ಲಿ ಮೀನು ಹಿಡಿಯುತ್ತ ಬದುಕಿದವರು. ನವನಗರದ ಅಣ್ಣಾವರ ಮಾತು ಓದಿ ಮನಸ್ಸು ತುಂಬಿ ಬಂತು, ಆದರೂ ಹಿನ್ನೀರಿಗೆ ಇಂಥ ಸಣ್ಣ ದೋಣಿ ತರಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಮೊದಲನೆಯದಾಗಿ ಗಾಳಿ. ತೆರೆ ಎಷ್ಟು ದೊಡ್ಡದಾಗಿ ಏಳುತ್ತದೆ ಎಂಬುದು ಗಾಳಿಯ ಜೋರನ್ನು ಮಾತ್ರ ಅವಲಂಬಿಸಿಲ್ಲ, ಆ ಗಾಳಿ ಅಡ್ಡಿಯಿಲ್ಲದೆ ಎಷ್ಟು ದೂರ ನೀರಿನ ಮೇಲೆ ಓಡಿ ಬಂತು ಎಂಬುದನ್ನೂ ಅವಲಂಬಿಸಿದೆ. ನಿಮ್ಮೂರ ಕೆರೆಯಲ್ಲಿ ಬರೀ ಸುಕ್ಕು ಮೂಡಿಸುವ ಗಾಳಿಯೇ ಹಿನ್ನೀರಿನಲ್ಲಿ ಹರಿಗೋಲಿನೊಳಗೆ ನೀರು ಎರಚುವಷ್ಟು ತೆರೆ ಎಬ್ಬಿಸುತ್ತದೆ. ಹಗುರವಾದ, ಗಾಳಿ ತುಂಬಿದ ದೋಣಿಯಂತೂ ಎಲೆಯ ಹಾಗೆ ತೇಲಿಹೋಗುತ್ತದೆ, ಎಷ್ಟು ಹುಟ್ಟು ಹಾಕಿದರೂ ಎದುರುಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ಅಡ್ಡಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ನಂತರ, ಗಾಳಿ ಮತ್ತು ಸಿಡಿಲು ಎರಡೂ ಒಟ್ಟಿಗೆ ಬರುತ್ತವೆ. ಆಗ ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ದೋಣಿಯಲ್ಲಿ ಕುಳಿತ ಮನುಷ್ಯನೇ.

ಎರಡನೆಯದು ನೀರಿನಡಿಯ ವಿಷಯ. ಮುಳುಗಡೆಯಾದ ಊರುಗಳ ಗೋಡೆಗಳು, ಬೇಲಿಯ ಕಂಬಗಳು, ಒಣಗಿದ ಮರದ ಬೊಡ್ಡೆಗಳು ಇನ್ನೂ ಅಲ್ಲಿಯೇ ಇವೆ. ಆಲಮಟ್ಟಿಯ ನೀರು ತುಂಬಿದಾಗ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ, ಆಮೇಲೆ ಬೇಸಿಗೆಯವರೆಗೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಹೋದ ವಾರ ಆಳದಲ್ಲಿದ್ದ ಬೊಡ್ಡೆ ಈ ವಾರ ನೀರಿನ ಮೈಗಿಂತ ಗೇಣು ಕೆಳಗೆ ಇರುತ್ತದೆ. ರಬ್ಬರಿನ ದೋಣಿಗೆ ಅಷ್ಟು ಸಾಕು. ಮೂರನೆಯದನ್ನು ಹೇಳಲೇಬೇಕು. ಕೃಷ್ಣೆಯಲ್ಲಿಯೂ ಘಟಪ್ರಭೆಯಲ್ಲಿಯೂ ಮೊಸಳೆಗಳಿವೆ. ಅವು ಹೊಳೆ ಬಿಟ್ಟು ಹಳ್ಳಗಳಿಗೂ ಕಾಲುವೆಗಳಿಗೂ ಹೋಗುತ್ತವೆ. ಆದ್ದರಿಂದ ಯಾವ ನೀರಿಗೇ ಇಳಿಯುವ ಮೊದಲು ಅಲ್ಲಿ ದಿನಾ ಬಲೆ ಬಿಡುವವರನ್ನು ಕೇಳಿ, ಅವರು ಬೇಡವೆಂದರೆ ಇಳಿಯಬೇಡಿ.

ಎರೆನೆಲ ಅಣ್ಣಾವರೇ, ಸಣ್ಣ ಕೆರೆಯ ಕುರಿತೂ ನನ್ನದು ಒಂದೆರಡು ಮಾತು. ಅನೇಕ ಕೆರೆಗಳಲ್ಲಿ ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದು ಕಾಟ್ಲಾ, ರೋಹು, ಮೃಗಾಲ ಮರಿ ಬಿಟ್ಟಿರುತ್ತವೆ. ರಾತ್ರಿ ಬಿಟ್ಟ ಕಣ್ಣಿಬಲೆಯನ್ನು ನಸುಕಿನಲ್ಲಿ ಎತ್ತುವುದು ನಮ್ಮ ರೂಢಿ, ನೀವು ನೀರಿಗಿಳಿಯುವ ಹೊತ್ತೂ ಅದೇ. ಸಾಲಾಗಿ ತೇಲುವ ಥರ್ಮಾಕೋಲ್ ತುಂಡುಗಳೋ ಖಾಲಿ ಬಾಟಲಿಗಳೋ ಕಂಡರೆ ಅವುಗಳ ನಡುವೆ ಹಾಯಬೇಡಿ, ಸುತ್ತಿ ಹೋಗಿ. ಹುಟ್ಟಿನ ಅಲಗು ಬಲೆಯ ಕಣ್ಣಿಗೆ ಸಿಕ್ಕರೆ ಬಲೆ ಹರಿಯುತ್ತದೆ, ಅದನ್ನು ಹೆಣೆದು ಸರಿಮಾಡಲು ಮನೆಯ ಹೆಣ್ಣುಮಕ್ಕಳಿಗೆ ಎರಡು ದಿನ ಬೇಕು. ತೂಬಿನ ಹತ್ತಿರ ಹೋಗಲೇಬೇಡಿ. ಮೇಲಿನಿಂದ ನೋಡಿದರೆ ನೀರು ಅಲುಗದಂತೆ ಕಾಣುತ್ತದೆ, ತೂಬು ಎತ್ತಿದ್ದರೆ ಅಡಿಯಲ್ಲಿ ಸೆಳೆತ ಬಲವಾಗಿರುತ್ತದೆ.


ಎರೆನೆಲ, ಬಸವನ ಬಾಗೇವಾಡಿ ತಾಲ್ಲೂಕು

ಅಕ್ಕಾವರೇ, ಬಲೆಯ ಮಾತು ನನಗೆ ನೇರವಾಗಿ ತಾಗಿತು. ಮೊದಲ ವರ್ಷ ನಾನು ಹಾಗೆ ಒಂದು ಬಲೆಯ ಮೇಲೆ ಹಾಯ್ದಿದ್ದೆ. ಆ ದಿನ ಬಲೆಯವರು ಏನೂ ಅನ್ನಲಿಲ್ಲ, ಬರೀ ನನ್ನ ಕಡೆ ನೋಡಿ ಬಲೆ ಎತ್ತಿಕೊಂಡು ಹೋದರು. ಈಗ ಅವರೇ ಬೆಳಿಗ್ಗೆ ಯಾವ ಕಡೆ ಬಲೆ ಇದೆ ಎಂದು ದಂಡೆಯಿಂದ ಕೈ ಮಾಡಿ ತೋರಿಸುತ್ತಾರೆ. ಅವರು ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕುಳಿತು ಎರಡು ಸಣ್ಣ ಹಲಗೆಗಳಿಂದ ನೀರು ತಳ್ಳುತ್ತ ಹೋಗುವ ಸದ್ದಿಲ್ಲದ ಬಗೆಯನ್ನು ನೋಡಿಯೇ ನಾನು ನನ್ನ ಹುಟ್ಟನ್ನು ನಿಧಾನ ಮಾಡಿದ್ದು.

ನವನಗರದವರಿಗೆ, ನಿಮ್ಮ ಓಣಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಅದಕ್ಕೆ ಈ ದೋಣಿ ತಕ್ಕದ್ದಲ್ಲ. ಆ ನೀರು ಬಲ್ಲ ಅಂಬಿಗರೊಬ್ಬರ ದೊಡ್ಡ ದೋಣಿಯಲ್ಲಿ, ಗಾಳಿಯಿಲ್ಲದ ಬೆಳಗ್ಗೆ ಹೋದರೆ ನಾನೂ ಜತೆಗೆ ಬರುತ್ತೇನೆ.

ಸಣ್ಣ ಕೆರೆಯಲ್ಲೇ ಏಕೆ ನಿಲ್ಲಬೇಕು ಎಂದು ಕೇಳಿದ್ದೀರಿ. ದೊಡ್ಡ ನೀರಿನಲ್ಲಿ ಮನಸ್ಸು ದೂರಕ್ಕೆ ಓಡುತ್ತದೆ, ಆಚೆ ದಂಡೆ ಮುಟ್ಟಬೇಕೆನ್ನುತ್ತದೆ. ಸಣ್ಣ ಕೆರೆಯಲ್ಲಿ ಮುಟ್ಟಬೇಕಾದ ದಂಡೆ ಎಲ್ಲಿಯೂ ಇಲ್ಲ, ಸ್ವಲ್ಪ ಹೊತ್ತಿನಲ್ಲೇ ಎಲ್ಲವನ್ನೂ ಸುತ್ತಿ ಆಗಿರುತ್ತದೆ. ಮತ್ತೆ ಅದೇ ಜಾಲಿಯ ಕೆಳಗೆ ಬಂದಾಗ ಆ ಟೊಂಗೆಯ ಮೇಲೆ ಕುಳಿತ ಮಿಂಚುಳ್ಳಿ ನಿನ್ನೆಯದೇ ಎಂದು ಗೊತ್ತಾಗುತ್ತದೆ. ಅದು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಟೊಂಗೆಯಿಂದ ಎರಗುತ್ತದೆ, ಹಿಡಿದ ಮೀನನ್ನು ಯಾವ ಟೊಂಗೆಗೆ ಬಡಿದು ನುಂಗುತ್ತದೆ ಎಂಬುದೆಲ್ಲ ಮೂರು ವರ್ಷದಲ್ಲಿ ನನಗೆ ನೆರೆಮನೆಯವರ ದಿನಚರಿಯಷ್ಟೇ ಪರಿಚಿತವಾಗಿದೆ.


ಹಕ್ಕಿಗಣತಿ, ಗೋಕಾಕ

ನಿಮ್ಮ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಆಪಿನ ಒಳಗೆ ಹೋಗಬೇಡಿ. ಕಾರಣವನ್ನೂ ಹೇಳುತ್ತೇನೆ.

ಗುಳುಮುಳುಕ ಎಂಬ ಮುಳುಗುವ ಸಣ್ಣ ನೀರುಹಕ್ಕಿಯ ಗೂಡು ನೆಲದ ಮೇಲಿರುವುದಿಲ್ಲ. ಕೊಳೆತ ಜಲಸಸ್ಯಗಳನ್ನು ರಾಶಿ ಹಾಕಿ, ಆಪಿನ ಒಂದೆರಡು ಕಡ್ಡಿಗಳಿಗೆ ತಗುಲಿಸಿ, ನೀರಿನ ಮೇಲೆಯೇ ತೇಲುವಂತೆ ಅದು ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಒದ್ದೆ ಸೊಪ್ಪನ್ನು ಎಳೆದು ಮೊಟ್ಟೆಗಳ ಮೇಲೆ ಮುಚ್ಚಿ ಹೋಗುವುದು ಅದರ ಕ್ರಮ. ಆ ಮುಚ್ಚಿಗೆಯಿಂದ ಕಾಗೆಗೆ ಮೊಟ್ಟೆ ಕಾಣುವುದಿಲ್ಲ, ಬಿಸಿಲೂ ತಾಗುವುದಿಲ್ಲ. ನೀವು ಸಂದಿಯಲ್ಲಿ ತಟ್ಟನೆ ಎದುರಾದರೆ ಅದಕ್ಕೆ ಮುಚ್ಚಲು ಸಮಯವಿರುವುದಿಲ್ಲ, ಹಾಗೆಯೇ ಧುಮುಕಿಬಿಡುತ್ತದೆ. ನೀವು ಅಲ್ಲಿ ನಿಂತು ಫೋಟೊ ತೆಗೆಯುವ ಹತ್ತು ನಿಮಿಷ ಮೊಟ್ಟೆಗಳು ತೆರೆದೇ ಇರುತ್ತವೆ. ಮಳೆಗಾಲ ಅವುಗಳ ಮುಖ್ಯ ಕಾಲವಾದರೂ, ಕಾಲುವೆಯ ನೀರಿನಿಂದ ವರ್ಷವಿಡೀ ತುಂಬಿರುವ ಕೆರೆಗಳಲ್ಲಿ ಬೇರೆ ತಿಂಗಳುಗಳಲ್ಲಿಯೂ ಗೂಡು ಇರಬಹುದೆಂದೇ ಎಣಿಸಬೇಕು. ದೇವನಕ್ಕಿಯ ವಿಷಯದಲ್ಲಿ ಇನ್ನೂ ಜಾಗರೂಕತೆ ಬೇಕು. ಅವುಗಳಲ್ಲಿ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿ ಮೊಟ್ಟೆಯಿಟ್ಟು ಮುಂದೆ ಹೋಗುತ್ತದೆ, ಕಾವು ಕೊಟ್ಟು ಮರಿ ಸಾಕುವ ಭಾರವೆಲ್ಲ ಗಂಡಿನದು. ಆ ಒಂದು ಗಂಡನ್ನು ಎಬ್ಬಿಸಿ ಓಡಿಸಿದರೆ ಮೊಟ್ಟೆಗಳನ್ನು ನೋಡಿಕೊಳ್ಳಲು ಬೇರೆ ಯಾರೂ ಇರುವುದಿಲ್ಲ.

ಕಯಾಕಿನ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸದ್ದಿಲ್ಲ, ಹೊಗೆಯಿಲ್ಲ, ಆದ್ದರಿಂದ ಹಕ್ಕಿಗೆ ತೊಂದರೆಯಿಲ್ಲ ಎನ್ನುತ್ತಾರೆ. ವಾಸ್ತವದಲ್ಲಿ ಸದ್ದಿಲ್ಲದೆ, ತಗ್ಗಾಗಿ, ದಂಡೆಗೆ ಹತ್ತಿಕೊಂಡು ಬರುವುದರಿಂದಲೇ ಹಕ್ಕಿಗೆ ಅದು ತಡವಾಗಿ ಕಾಣುತ್ತದೆ, ಹೆಚ್ಚು ಗಾಬರಿ ಹುಟ್ಟಿಸುತ್ತದೆ. ನಾನು ಪಾಲಿಸುವ ಅಳತೆ 50 ಮೀಟರ್. ಅದಕ್ಕಿಂತಲೂ ಮುಖ್ಯವಾಗಿ ಹಕ್ಕಿಯ ನಡತೆಯನ್ನು ನೋಡಬೇಕು. ಮೇಯುತ್ತಿದ್ದದ್ದು ತಲೆಯೆತ್ತಿ ನಿಂತರೆ ನೀವು ಆಗಲೇ ಹತ್ತಿರವಾಗಿದ್ದೀರಿ, ಹುಟ್ಟು ಮಡಿಲಲ್ಲಿಟ್ಟುಕೊಂಡು ತೇಲಿ. ಹಿಂಡು ಒಂದೇ ದಿಕ್ಕಿಗೆ ಈಜತೊಡಗಿದರೆ ಹಿಂದಕ್ಕೆ ಸರಿಯಿರಿ. ನಾಮದ ಕೋಳಿ ನೇರವಾಗಿ ಹಾರಲಾರದು, ನೀರಿನ ಮೇಲೆ ಬಹಳ ದೂರ ಓಡಿಯೇ ಮೇಲೇಳಬೇಕು. ಅದನ್ನು ಓಡಿಸಿದ ಪ್ರತಿ ಸಲವೂ ನಾವು ಅದರ ಬೆಳಗಿನ ಮೇವಿನ ಒಂದು ಪಾಲನ್ನು ಕಸಿದುಕೊಂಡಂತೆ. ಹಿಮಾಲಯ ದಾಟಿ ನಮ್ಮ ಉತ್ತರ ಕರ್ನಾಟಕದ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಇಳಿದಿದ್ದರೆ ಆ ವಾರ ದಂಡೆಯಿಂದಲೇ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹೊಸಬರ ಗಮನಕ್ಕೆ ಇನ್ನೊಂದು ಮಾತು. ನಮ್ಮ ಗೋಕಾಕ ತಾಲ್ಲೂಕಿನ ಧೂಪದಾಳದ ನೀರು ಎಷ್ಟೇ ಶಾಂತವಾಗಿ ಕಂಡರೂ ಅದು 1974ರಿಂದ ಘಟಪ್ರಭಾ ಪಕ್ಷಿಧಾಮ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸ್ವಂತ ದೋಣಿ ಇಳಿಸುವಂತಿಲ್ಲ. ಬೆಳಗಾವಿಗೆ ಕುಡಿಯುವ ನೀರು ಕೊಡುವ ರಾಕಸಕೊಪ್ಪದಂಥ ಜಲಾಶಯಗಳ ಕಡೆಯೂ ದೋಣಿ ಒಯ್ಯುವ ಯೋಚನೆ ಬೇಡ.


ಹೊಸ ಹುಟ್ಟು, ವಿಜಯಪುರ

ನಾನು ಇನ್ನೂ ಏನನ್ನೂ ಕೊಂಡಿಲ್ಲ. ಎಂಥ ದೋಣಿ, ಎಷ್ಟು ಉದ್ದದ ಹುಟ್ಟು, ಯಾರ ಅನುಮತಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಬೇಗಂ ತಲಾಬ್‌ನಲ್ಲಿ ಕಲಿಯಬಹುದೇ? ಮನೆಯಿಂದ ಹತ್ತಿರ.


ಎರೆನೆಲ, ಬಸವನ ಬಾಗೇವಾಡಿ ತಾಲ್ಲೂಕು

ಬೇಗಂ ತಲಾಬ್ 1651ರಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ನಗರಕ್ಕೆ ಕುಡಿಯುವ ನೀರು ಒದಗಿಸಲು ಕಟ್ಟಿಸಿದ ಕೆರೆ. ಅಂಥ ಕಡೆ ನಮ್ಮಷ್ಟಕ್ಕೆ ನಾವು ದೋಣಿ ಇಳಿಸುವುದು ಸರಿಯಲ್ಲ, ನೋಡಿಕೊಳ್ಳುವ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಹಳ್ಳಿಯ ಕೆರೆಗಳಲ್ಲಿ ಯಾರನ್ನು ಕೇಳಬೇಕೆಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಯದು, 40ರಿಂದ 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದು. ಇದರ ಜತೆಗೆ ಮೀನು ಗುತ್ತಿಗೆ ಹಿಡಿದವರನ್ನು ಕೇಳಬೇಕು. ನಾನು ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದುಕೊಟ್ಟು, ಮೀನುಗಾರರ ಮನೆಗೆ ಹೋಗಿ ಮಾತನಾಡಿದೆ.

ದೋಣಿಯ ಬಗ್ಗೆ ಹೇಳುವುದಾದರೆ, ನಿಂತ ನೀರಿಗೆ ಒಂಬತ್ತು ಹತ್ತು ಅಡಿಯದು ಸಾಕು. ಮೇಲೆ ತೆರೆದಿರುವ, ಕಾಲು ಒಳಗೆ ತೂರಿಸದೆ ಮೇಲೆಯೇ ಕೂರುವ ಬಗೆಯ ಗಟ್ಟಿ ಪ್ಲಾಸ್ಟಿಕ್ ದೋಣಿ ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ, ನೀರು ತುಂಬಿಕೊಳ್ಳುವುದೂ ಇಲ್ಲ. ಮನೆಯಲ್ಲಿ ಜಾಗವಿಲ್ಲದವರಿಗೆ ಗಾಳಿ ತುಂಬಿಸುವಂಥದು. ನಮ್ಮ ಬಿಸಿಲಿನಲ್ಲಿ ಅದಕ್ಕೆ ಒಂದು ಎಚ್ಚರಿಕೆ ಬೇಕು: ನೀರಿನಿಂದ ಎತ್ತಿ ದಂಡೆಯ ಮೇಲಿಟ್ಟೊಡನೆ ಸ್ವಲ್ಪ ಗಾಳಿ ಬಿಟ್ಟುಬಿಡಿ, ಇಲ್ಲದಿದ್ದರೆ ಒಳಗಿನ ಗಾಳಿ ಕಾದು ಹಿಗ್ಗಿ ಹೊಲಿಗೆ ಬಿಡುತ್ತದೆ. ನನ್ನ ಮೊದಲ ದೋಣಿ ಹಾಗೆಯೇ ಹಾಳಾಯಿತು. ಹುಟ್ಟು 220ರಿಂದ 240 ಸೆಂಟಿಮೀಟರ್. ಹಿಡಿಯುವ ಅಗಲ ತಿಳಿಯಲು ಅದನ್ನು ತಲೆಯ ಮೇಲಿಟ್ಟುಕೊಳ್ಳಿ, ಮೊಣಕೈ ಎರಡೂ ಲಂಬಕೋನಕ್ಕೆ ಬಂದಾಗ ಕೈ ಎಲ್ಲಿದೆಯೋ ಅದೇ ಸರಿಯಾದ ಜಾಗ.


ಖಾನಾಪುರದ ಮಳೆ, ಖಾನಾಪುರ

ನಾನು ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆಯ ಕೆರೆಗಳು ನಿಮ್ಮವಕ್ಕಿಂತ ಬೇರೆ. ಕಾಡಿನಂಚಿನ ಕೆಮ್ಮಣ್ಣಿನ ಕೆರೆಗಳು, ಸುತ್ತ ಮರಗಳ ಗೋಡೆ, ದಂಡೆ ಗಟ್ಟಿ. ಅಂಥ ಒಂದು ಕೆರೆಯಲ್ಲಿ ನಾನು ನನ್ನ ಅತ್ತೆಯವರನ್ನು ಕೂರಿಸಿಕೊಂಡು ಹೋಗಿ ಬಂದವಳು, ಅವರಿಗೂ ಈಜು ಬರುವುದಿಲ್ಲ. ಆದ್ದರಿಂದ ಆಗದ ಕೆಲಸವಲ್ಲ, ಆದರೆ ಸಿದ್ಧತೆ ನೀವು ಒಬ್ಬರೇ ಹೋಗುವಾಗಿನದಕ್ಕಿಂತ ಎರಡರಷ್ಟು ಬೇಕು.

ಜೀವರಕ್ಷಕ ಜಾಕೆಟ್ ಕೊಳ್ಳುವಾಗ ಅದರ ಮೇಲಿನ ಅಂಕಿ ನೋಡಿ. 50 ನ್ಯೂಟನ್ ಎಂದಿರುವುದು ಈಜು ಬಲ್ಲವರಿಗೆ. ಅವ್ವನವರಿಗೆ 100 ನ್ಯೂಟನ್ನಿನದು ಬೇಕು, ಅದು ಶಾಂತ ನೀರಿನಲ್ಲಿ ಈಜು ಬಾರದವರ ಮುಖವನ್ನು ನೀರಿನಿಂದ ಮೇಲೆ ಹಿಡಿಯುವಂತೆ ಮಾಡಿದ್ದು. ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಅದು ಗದ್ದ ದಾಟಿ ಕಿವಿಯವರೆಗೆ ಬಂದರೆ ಸಡಿಲವಾಗಿದೆ, ನೀರಿನಲ್ಲಿ ಹಾಗೆಯೇ ಕಳಚಿಹೋಗುತ್ತದೆ.

ಉಡುಪಿನ ವಿಷಯ ಗಂಡಸರಿಗೆ ಹೊಳೆಯುವುದಿಲ್ಲ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಕಷ್ಟಪಡುತ್ತಾರೆ. ಅತ್ತೆಯವರು ಮೊದಲು ಒಪ್ಪಲಿಲ್ಲ, ಕೊನೆಗೆ ಕಚ್ಚೆ ಹಾಕಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ಹಾಕಿಕೊಂಡರು. ಚಪ್ಪಲಿ ಬೇಡ. ಹತ್ತುವಾಗ ದೋಣಿ ಮೊಣಕಾಲುದ್ದ ನೀರಿನಲ್ಲಿರಲಿ, ನೀವು ಪಕ್ಕದಲ್ಲಿ ನಿಂತು ಎರಡೂ ಕೈಯಿಂದ ಹಿಡಿದುಕೊಳ್ಳಿ. ಅವರು ದೋಣಿಗೆ ಬೆನ್ನು ಮಾಡಿ ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ತೆಗೆದುಕೊಳ್ಳಬೇಕು. ನಿಂತು ಹತ್ತಿಸಲು ಹೋದರೆ ದೋಣಿ ಜಾರುತ್ತದೆ. ಅವರನ್ನು ಮುಂದೆ ಕೂರಿಸಿ, ನೀವು ಹಿಂದೆ ಇರಿ, ಆಗ ಅವರು ನಿಮ್ಮ ಕಣ್ಣೆದುರೇ ಇರುತ್ತಾರೆ.

ಎಲ್ಲಕ್ಕಿಂತ ಮೊದಲು ನೀವು ಒಬ್ಬರೇ, ಆಳವಿಲ್ಲದ ಕಡೆ, ದೋಣಿಯನ್ನು ಬೇಕೆಂದೇ ಮಗುಚಿ ಮತ್ತೆ ಹತ್ತುವುದನ್ನು ಹತ್ತು ಸಲ ಮಾಡಿ ನೋಡಿ. ಆಚೆ ಬದಿಯ ಪಟ್ಟಿಯನ್ನು ಹಿಡಿದು, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ದೋಣಿಗೆ ಅಡ್ಡಬಿದ್ದು, ಆಮೇಲೆ ತಿರುಗಿ ಕೂರುವುದು ಕ್ರಮ. ಅದು ನಿಮಗೆ ನೀರು ಕುಡಿದಷ್ಟು ಸುಲಭವಾಗುವವರೆಗೆ ಅವ್ವನವರನ್ನು ಕರೆದೊಯ್ಯಬೇಡಿ. ಮತ್ತು ದಂಡೆಯಲ್ಲಿ ಈಜು ಬಲ್ಲ ಒಬ್ಬರು ಹಗ್ಗ, ಟ್ಯೂಬು ಇಟ್ಟುಕೊಂಡು ನಿಂತಿರಲಿ.


ಕಣ್ಣಿಬಲೆ, ಆಲಮಟ್ಟಿಯ ಹತ್ತಿರದ ಹಳ್ಳಿ

ಖಾನಾಪುರದ ಅಕ್ಕಾವರು ಹೇಳಿದ್ದೆಲ್ಲ ಸರಿ. ನಮ್ಮ ಎರೆಭೂಮಿಯ ಕೆರೆಗೆ ಒಂದು ಮಾತು ಸೇರಿಸಬೇಕು. ಇಲ್ಲಿ ದಂಡೆ ಗಟ್ಟಿಯಿಲ್ಲ. ನೀರು ಇಳಿದ ಜಾಗದಲ್ಲಿ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಮೊಣಕಾಲುದ್ದ ಕೆಸರು ಇರುತ್ತದೆ, ಕಾಲು ಹೂತರೆ ಎಳೆದಷ್ಟೂ ಕೆಳಗೆ ಹೋಗುತ್ತದೆ. ವಯಸ್ಸಾದವರನ್ನು ಅಲ್ಲಿ ಇಳಿಸಬೇಡಿ. ಒಡ್ಡಿಗೆ ಕಲ್ಲು ಹಾಸಿದ ಕಡೆ, ತೂಬಿನಿಂದ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲುಗಳಿದ್ದರೆ ಅಲ್ಲಿಂದ ಹತ್ತಿಸಿ. ಯಾರ ಕಾಲಾದರೂ ಹೂತರೆ ನಿಂತು ಜಗ್ಗಾಡದೆ ದೋಣಿಯ ಮೇಲೆ ಎದೆಯಿಟ್ಟು ಮಲಗಿ ನಿಧಾನವಾಗಿ ಕಾಲು ಬಿಡಿಸಿಕೊಳ್ಳಬೇಕು.


ಎರೆನೆಲ, ಬಸವನ ಬಾಗೇವಾಡಿ ತಾಲ್ಲೂಕು

ಎಲ್ಲರಿಗೂ ಶರಣು. ಐದು ವಾರಗಳ ನಂತರ ಬರೆಯುತ್ತಿದ್ದೇನೆ.

ಆಪಿನ ಸಂದಿಗಳಿಗೆ ಹೋಗುವ ಆಸೆಯನ್ನು ಬಿಟ್ಟಿದ್ದೇನೆ. ಅಷ್ಟೇ ಅಲ್ಲ, ಹಳ್ಳ ಸೇರುವ ಕಡೆಯಿಂದ ಅಳೆದು ಕೆರೆಯ ಮೂರರಲ್ಲಿ ಒಂದು ಭಾಗಕ್ಕೆ ಹೋಗುವುದನ್ನೇ ನಿಲ್ಲಿಸಿದ್ದೇನೆ. ನನ್ನ ಗುರುತಿಗೆ ಒಂದು ಒಂಟಿ ಬೇವಿನ ಮರವಿದೆ, ಅದರ ನೇರಕ್ಕೆ ಬಂದೊಡನೆ ತಿರುಗುತ್ತೇನೆ. ಮೂರನೆಯ ವಾರಕ್ಕೆ ಹಕ್ಕಿಗಳು ಆಪಿನಿಂದ ತಾವಾಗಿಯೇ ಬಯಲು ನೀರಿಗೆ ಬಂದು ಮೇಯತೊಡಗಿದವು. ನಾನು ನೋಡಬೇಕೆಂದು ಒಳಗೆ ಹೋಗಲು ಹವಣಿಸುತ್ತಿದ್ದ ನೇರಳೆ ಜಂಬುಕೋಳಿಗಳು ಈಗ ಆಪಿನ ಅಂಚಿಗೆ ಬಂದು ಬಿಸಿಲು ಕಾಯಿಸುತ್ತವೆ.

ಮಗುಚುವ ಅಭ್ಯಾಸವನ್ನು ಹತ್ತಲ್ಲ, ಮೂವತ್ತು ಸಲ ಮಾಡಿದೆ. ಅವ್ವನಿಗೆ 100 ನ್ಯೂಟನ್ ಜಾಕೆಟ್ ತರಿಸಿದೆ. ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಅಗಸರ ಕಲ್ಲಿನ ಹತ್ತಿರದಿಂದ, ಬಲೆಯವರಿಬ್ಬರು ಟ್ಯೂಬಿನ ಮೇಲೆ ಎರಡೂ ಪಕ್ಕದಲ್ಲಿ ಬರುತ್ತಿರಲು, ಅವ್ವನನ್ನು ಕೂರಿಸಿಕೊಂಡು ಹೋದೆ. ಇಳಕಲ್ ಸೀರೆಯ ಕಚ್ಚೆ ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಮೊದಲ ಐದು ನಿಮಿಷ ಎರಡೂ ಕೈಯಿಂದ ದೋಣಿಯ ಅಂಚು ಹಿಡಿದುಕೊಂಡಿದ್ದರು, ಮಾತಿಲ್ಲ. ಹಬೆ ಇನ್ನೂ ಆರಿರಲಿಲ್ಲ.

ನಡುಗೆರೆಗೆ ಬಂದಾಗ ನಿಲ್ಲಿಸು ಎಂದರು. ಹುಟ್ಟು ಮಡಿಲಲ್ಲಿಟ್ಟುಕೊಂಡೆ. ಅವ್ವ ಒಡ್ಡಿನ ಕಡೆ, ಆಮೇಲೆ ಹನುಮಪ್ಪನ ಗುಡಿಯ ಕಡೆ, ಆಮೇಲೆ ದಿನ್ನೆಯ ಕಡೆ ನೋಡಿ ಏನನ್ನೋ ಅಳೆದುಕೊಂಡರು. "ಇಲ್ಲೇ," ಎಂದರು. 1972ರ ಬರಗಾಲದಲ್ಲಿ ಊರ ಬಾವಿಗಳೆಲ್ಲ ಬತ್ತಿದಾಗ ಕೆರೆಯ ಅಂಗಳದಲ್ಲಿ ತೋಡಿದ ಒರತೆ ಅದೇ ಜಾಗದಲ್ಲಿತ್ತಂತೆ. ಆಗ ಅವ್ವನಿಗೆ ಹದಿನಾಲ್ಕು. ನಸುಕಿಗೆ ಎದ್ದು ಸರದಿಯಲ್ಲಿ ಕುಳಿತು, ತಳದಲ್ಲಿ ಜಿನುಗುವ ನೀರನ್ನು ಬಟ್ಟಲಿನಿಂದ ಗೋರಿ ಗೋರಿ ಒಂದು ಕೊಡ ತುಂಬಿಸಿಕೊಳ್ಳಲು ಬಿಸಿಲೇರುತ್ತಿತ್ತಂತೆ. ಇದನ್ನು ಅವರು ಈ ಮೊದಲು ನನಗೆ ಹೇಳಿರಲಿಲ್ಲ, ನಡುಗೆರೆಗೆ ಹೋಗಬೇಕೆಂದು ಎರಡು ವರ್ಷ ಏಕೆ ಕೇಳುತ್ತಿದ್ದರು ಎಂಬುದೂ ನನಗೆ ತಿಳಿದಿರಲಿಲ್ಲ.

ಅಂಚು ಬಿಟ್ಟು ಬಲಗೈಯನ್ನು ಮೊಣಕೈಯವರೆಗೆ ನೀರಿನೊಳಗೆ ಇಳಿಬಿಟ್ಟು ಕುಳಿತರು. ಸ್ವಲ್ಪ ದೂರದಲ್ಲಿ ಒಂದು ಗುಳುಮುಳುಕ ಮೇಲೆದ್ದು, ನಮ್ಮನ್ನು ನೋಡಿ, ಮತ್ತೆ ಮುಳುಗಿತು. ಬಲೆಯವರೂ ಟ್ಯೂಬು ನಿಲ್ಲಿಸಿದ್ದರು.

ನವನಗರದವರೇ, ಅವ್ವ ನಿಮ್ಮ ಓಣಿಯ ವಿಷಯವನ್ನೂ ನನ್ನಿಂದ ಕೇಳಿ ತಿಳಿದುಕೊಂಡಿದ್ದಾರೆ. ಆಲಮಟ್ಟಿಯ ಅಕ್ಕಾವರ ಕಾಕಾ ದೊಡ್ಡ ದೋಣಿ ತರಲು ಒಪ್ಪಿದರೆ, ಫೆಬ್ರುವರಿಯೊಳಗೆ, ಗಾಳಿ ಏಳುವ ಮೊದಲಿನ ಒಂದು ದಿನವನ್ನು ತಿಳಿಸಿ. ನಾವಿಬ್ಬರೂ ಬರುತ್ತೇವೆ, ಅವ್ವನ ಜಾಕೆಟ್ಟೂ ಜತೆಗೆ ತರುತ್ತೇನೆ.